ಒಂದು ಬಾಗಿಲಿನ ಇತಿಹಾಸ

ಕಳೆದ ತಿಂಗಳು ಒಂದು ಸಂಜೆ ದೇವರಿಗೆ ದೀಪ ಹಚ್ಚಿ ಜಗಲಿಗೆ ಬಂದು ಕುಳಿತಿದ್ದೆ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಹತ್ತನೆಯ ತರಗತಿಯಲ್ಲಿ ಇಸವಿಗಳನ್ನು ನೆನಪಿಟ್ಟುಕೊಳ್ಳಲಾರದೆ ಒದ್ದಾಡುತ್ತಿದ್ದ ಹುಡುಗ. ಈಗ ಅವನಿಗೇ ಇಬ್ಬರು ಮಕ್ಕಳು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಅವನ ಧ್ವನಿ ಇಳಿಯಿತು. "ಸರ್, ಅಪ್ಪ ಅಮ್ಮನ ವೀಸಾ ನಿರಾಕರಿಸಿಬಿಟ್ಟರು. ಅಪ್ಪ ಎರಡು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲವಂತೆ. ಮತ್ತೊಮ್ಮೆ ಅರ್ಜಿ ಹಾಕೋಣ ಎಂದರೆ 'ನಾನೇನು ಕಳ್ಳನೇನೋ' ಎಂದು ಕೇಳುತ್ತಾರೆ. ಏಜೆಂಟನೊಬ್ಬ, ಹಿಂದೆ ನಿರಾಕರಣೆಯಾದದ್ದನ್ನು ಬರೆಯಲೇಬೇಡಿ, ಬ್ಯಾಂಕಿನ ಖಾತೆಗೆ ನಾಲ್ಕು ದಿನದ ಮಟ್ಟಿಗೆ ಒಂದಿಷ್ಟು ಹಣ ಹಾಕಿಸಿ ತೋರಿಸೋಣ ಎನ್ನುತ್ತಿದ್ದಾನೆ. ಏನು ಮಾಡಲಿ?"

ಆ ಹೊತ್ತಿನಲ್ಲಿ ಅವನಿಗೆ ಎರಡೇ ಮಾತು ಹೇಳಿದೆ: ಸುಳ್ಳು ಬರೆಯಬೇಡ, ಅವಸರಪಡಬೇಡ. ಉಳಿದದ್ದನ್ನು ವಿಸ್ತಾರವಾಗಿ ಬರೆದು ತಿಳಿಸುತ್ತೇನೆ ಎಂದೆ. ಈ ಬರಹ ಆ ಮಾತಿನ ಪಾಲನೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಹೊರದೇಶಗಳಲ್ಲಿದ್ದಾರೆ. ಅವರ ತಂದೆತಾಯಿಯರು ಊರಿನಲ್ಲಿದ್ದಾರೆ. ಆದ್ದರಿಂದ ಇದು ಒಬ್ಬನಿಗೆ ಬರೆದ ಉತ್ತರವಾದರೂ ಹಲವರಿಗೆ ಉಪಯೋಗವಾದೀತು ಎಂಬ ಆಸೆ. ಇತಿಹಾಸದ ಮೇಷ್ಟ್ರ ಹಳೆಯ ಚಟದಂತೆ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ. ಆದರೆ ಅದಕ್ಕೂ ಮೊದಲು ನನ್ನ ಮೂರ್ಖತನದ ಕಥೆಯೊಂದನ್ನು ಹೇಳಬೇಕು. ಇದನ್ನು ಇದುವರೆಗೆ ನಮ್ಮ ಮನೆಯವರ ಹೊರತು ಯಾರಿಗೂ ಹೇಳಿಲ್ಲ.

ಋಣ ಹರಿದುಕೊಂಡವನ ಜಂಬ

2008ರಲ್ಲಿ ನಮ್ಮ ಮಗಳು ಅಮೆರಿಕದಲ್ಲಿ ಚೊಚ್ಚಲ ಬಸುರಿ. ಬಾಣಂತನ ತವರಿನ ಹಕ್ಕು ಎಂದು ನಂಬಿದವಳು ನನ್ನ ಮನೆಯಾಕೆ. ಮಗಳು ಇಲ್ಲಿಗೆ ಬರಲಾರಳೆಂದು ತಿಳಿದಾಗ, ತಾನೇ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದಳು. ಎರಡು ತಿಂಗಳು ಮೊದಲೇ ಶುಂಠಿ, ಮೆಣಸು, ಹಿಪ್ಪಲಿಗಳನ್ನು ಹುರಿದು ಪುಡಿ ಮಾಡಿ ಕಟ್ಟಿಟ್ಟಳು. ನಮ್ಮಮ್ಮನ ಹಳೆಯ ನೂಲಿನ ಸೀರೆಗಳನ್ನು ಹರಿದು, ಪದರ ಪದರವಾಗಿ ಜೋಡಿಸಿ, ಮಗುವಿಗೊಂದು ಪುಟ್ಟ ಕೌದಿ ಹೊಲಿದಳು. ವೀಸಾ ಎಂಬುದು ನಮಗೆ ರೈಲಿನ ಟಿಕೇಟಿನಷ್ಟೇ ಸಹಜವಾದ ಕಾಗದವಾಗಿ ತೋರಿತ್ತು.

ಸಂದರ್ಶನದ ದಿನ ಗಾಜಿನ ಆಚೆ ನನ್ನ ಶಿಷ್ಯರ ವಯಸ್ಸಿನ ಅಧಿಕಾರಿಯೊಬ್ಬರು ಕುಳಿತಿದ್ದರು. ಸೌಜನ್ಯದಿಂದಲೇ ಕೇಳಿದರು: ಎಷ್ಟು ದಿನ ಇರುತ್ತೀರಿ? ಊರಿನಲ್ಲಿ ಏನು ಕೆಲಸ? ಹಿಂದಿರುಗಲು ಏನು ಕಾರಣಗಳಿವೆ? ನಾನು ಎದೆ ಸೆಟೆಸಿ ನನ್ನ ಶಾಲೆಯ ಇಂಗ್ಲಿಷಿನಲ್ಲಿ ಉತ್ತರಿಸಿದೆ: "ನಾನು ನಿವೃತ್ತ ಶಿಕ್ಷಕ. ಮಕ್ಕಳ ಮದುವೆಗಳಾಗಿವೆ. ಸಾಲವಿಲ್ಲ. ನನ್ನ ಜವಾಬ್ದಾರಿಗಳೆಲ್ಲ ಮುಗಿದಿವೆ. ಇಲ್ಲಿ ನನ್ನನ್ನು ಕಟ್ಟಿಹಾಕುವಂಥದು ಏನೂ ಇಲ್ಲ. ಮಗಳಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇರುತ್ತೇವೆ." ಪಕ್ಕದಲ್ಲಿದ್ದ ನನ್ನಾಕೆ ಏನೋ ಹೇಳಲು ಬಾಯಿ ತೆರೆದಳು, ನಾನೇ ತಡೆದೆ.

ಎರಡು ನಿಮಿಷವೂ ಆಗಲಿಲ್ಲ. ಪಾಸ್‌ಪೋರ್ಟುಗಳು ಮರಳಿ ಕೈಗೆ ಬಂದವು. ಜೊತೆಯಲ್ಲಿ ಒಂದು ಮುದ್ರಿತ ಚೀಟಿ. ಅದರಲ್ಲಿ 214(ಬಿ) ಎಂಬ ಒಂದು ಕಲಮಿನ ಉಲ್ಲೇಖವಿತ್ತು.

ನಮ್ಮ ನಾಡಿನಲ್ಲಿ ನಿವೃತ್ತನಾದವನಿಗೆ ಇದಕ್ಕಿಂತ ಹೆಮ್ಮೆಯ ಮಾತು ಇನ್ನೊಂದಿಲ್ಲ: "ಹೊಣೆಗಳೆಲ್ಲ ಮುಗಿದವು." ಬಂಧನಗಳು ಒಂದೊಂದಾಗಿ ಕಳಚಿಕೊಳ್ಳುವುದೇ ನಮ್ಮ ಕಲ್ಪನೆಯ ಸಾರ್ಥಕ ವೃದ್ಧಾಪ್ಯ. ಅದನ್ನೇ ನಾನು ಅಲ್ಲಿ ಪ್ರಮಾಣಪತ್ರದಂತೆ ಎತ್ತಿ ಹಿಡಿದಿದ್ದೆ. ಆ ಕಿಟಕಿಯ ಆಚೆಗಿನ ಕಾನೂನು ಕೇಳುತ್ತಿದ್ದುದು ಇದಕ್ಕೆ ತೀರಾ ವಿರುದ್ಧವಾದದ್ದನ್ನು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಊರಿಗೆ ಮರಳಿದಾಗ ಅಮ್ಮ ಜಗಲಿಯ ಮೇಲೆ ಕುಳಿತಿದ್ದಳು. ಆಗ ಅವಳಿಗೆ ಎಂಬತ್ತಾರು ವರ್ಷ. "ಏನು ಕೇಳಿದರೋ?" ಎಂದಳು. "ಊರಿನಲ್ಲಿ ಯಾರಿದ್ದಾರೆ, ಯಾಕೆ ವಾಪಸು ಬರುತ್ತೀರಿ ಎಂದು ಕೇಳಿದರು" ಎಂದೆ. "ನೀನು ಏನು ಹೇಳಿದೆ?" ಎಂದಳು. ನಾನು ಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಬಾಗಿಲು ಕಟ್ಟಿದ ಬಗೆ

ನನ್ನಾಕೆ ಪುಡಿಯ ಪೊಟ್ಟಣಗಳನ್ನು ನಾಗಂದಿಗೆಯ ಮೇಲಿಟ್ಟು, "ಇನ್ನೊಂದು ಸಲ ಅಲ್ಲಿ ಹೋಗಿ ನಿಲ್ಲಲಾರೆ. ಸುಳ್ಳುಗಾರರ ಹಾಗೆ ನೋಡಿದರಲ್ಲ" ಎಂದಳು. ನನಗೂ ಹಾಗೆಯೇ ಅನಿಸಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ 214(ಬಿ) ಎಂಬ ಅಂಕೆ ಅಕ್ಷರಗಳು ಮುಳ್ಳಿನಂತೆ ಚುಚ್ಚುತ್ತಿದ್ದವು. ಅದೇನೆಂದು ತಿಳಿಯಲು ಹೊರಟೆ. ತಿಳಿಯುತ್ತ ಹೋದಂತೆ ಅದು ನಮ್ಮಿಬ್ಬರನ್ನು ಕುರಿತ ತೀರ್ಪಲ್ಲ, ನಾವು ಹುಟ್ಟುವ ಮೊದಲೇ ಕಟ್ಟಿದ ಒಂದು ಬಾಗಿಲು ಎಂಬುದು ಸ್ಪಷ್ಟವಾಯಿತು.

ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿದರು. ಅದರ ಹಿಂದಿನ ವರ್ಷ ಅವರು ಮೈಸೂರಿಗೆ ಬಂದು ಹತ್ತನೆಯ ಚಾಮರಾಜ ಒಡೆಯರ ಆತಿಥ್ಯ ಪಡೆದದ್ದು ನಿಮಗೆ ನೆನಪಿರಬಹುದು. ಜಪಾನಿನ ಮಾರ್ಗವಾಗಿ ವ್ಯಾಂಕೂವರ್ ತಲುಪಿ, ಅಲ್ಲಿಂದ ರೈಲಿನಲ್ಲಿ ಚಿಕಾಗೋಗೆ ಹೋದರು. ಅವರಿಗೆ ತೊಡಕಾದದ್ದು ಸರ್ವಧರ್ಮ ಸಮ್ಮೇಳನಕ್ಕೆ ಬೇಕಾದ ಪರಿಚಯಪತ್ರ; ಅದು ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಅವರಿಂದ ದೊರೆಯಿತು. ಅಮೆರಿಕಕ್ಕೆ ಕಾಲಿಡಲು ವೀಸಾ ಬೇಕೆಂಬ ಮಾತೇ ಆಗ ಇರಲಿಲ್ಲ.

ಹಾಗೆಂದು ಬಾಗಿಲು ಎಲ್ಲರಿಗೂ ತೆರೆದಿತ್ತೆಂದಲ್ಲ. ಚೀನಾದ ಕಾರ್ಮಿಕರಿಗೆ 1882ರಲ್ಲಿಯೇ ಅದನ್ನು ಮುಚ್ಚಲಾಗಿತ್ತು. 1917ರ ಫೆಬ್ರವರಿಯಲ್ಲಿ ಅಧ್ಯಕ್ಷ ವಿಲ್ಸನ್ ಅವರ ವೀಟೋವನ್ನೂ ಮೀರಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ನಕ್ಷೆಯ ಮೇಲೆ ಏಷ್ಯಾದ ಬಹುಭಾಗಕ್ಕೆ ಗೆರೆ ಎಳೆದು, ಅದರೊಳಗಿನವರು ಬಂದು ನೆಲೆಸಬಾರದೆಂದಿತು. ಭಾರತವೂ ಆ ಗೆರೆಯೊಳಗೆ ಸೇರಿತ್ತು. ಕೆಲವರಿಗೆ ಮಾತ್ರ ವಿನಾಯಿತಿ: ಸರಕಾರಿ ಅಧಿಕಾರಿಗಳು, ಧರ್ಮಬೋಧಕರು, ವಕೀಲರು, ವೈದ್ಯರು, ವಿದ್ಯಾರ್ಥಿಗಳು, ಲೇಖಕರು, ವ್ಯಾಪಾರಿಗಳು, ಕುತೂಹಲಕ್ಕಾಗಿ ಅಥವಾ ಸಂತೋಷಕ್ಕಾಗಿ ಪ್ರವಾಸ ಮಾಡುವವರು, ಮತ್ತು ಶಿಕ್ಷಕರು. ಈ ಪಟ್ಟಿಯಲ್ಲಿ ನನ್ನ ವೃತ್ತಿಯ ಹೆಸರನ್ನು ಕಂಡಾಗ ನಗು ಬಂತು. ನೆಲೆಸಲು ಬರುವವನಿಗೊಂದು ನ್ಯಾಯ, ನೋಡಿ ಹೋಗಲು ಬರುವವನಿಗೊಂದು ನ್ಯಾಯ ಎಂಬ ಭೇದ ಆ ಪಟ್ಟಿಯಲ್ಲಿಯೇ ಎದ್ದು ಕಾಣುತ್ತಿತ್ತು.

1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ತಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಅಲ್ಲಿನ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಮಾನಿಸಿತು. ತಿಂಡ್ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. ಮರುವರ್ಷ, ಅಂದರೆ 1924ರಲ್ಲಿ, ನಮ್ಮ ಕಥೆಗೆ ಮುಖ್ಯವಾದ ಕಾನೂನು ಬಂದಿತು. ಪ್ರತಿ ದೇಶದಿಂದ ವರ್ಷಕ್ಕೆ ಇಷ್ಟೇ ಜನ ವಲಸೆ ಬರಬಹುದೆಂಬ ಲೆಕ್ಕವನ್ನು ಅದು ಬಿಗಿಗೊಳಿಸಿತು. ಪೌರತ್ವಕ್ಕೆ ಅನರ್ಹರಾದವರಿಗೆ ವಲಸೆಯನ್ನೇ ನಿಷೇಧಿಸಿತು.

ಲೆಕ್ಕ ಬಂದೊಡನೆ ಕಳ್ಳದಾರಿಯ ಭಯವೂ ಬರುತ್ತದೆ. ನೋಡಿ ಹೋಗುತ್ತೇನೆಂದು ಬಂದವನು ಅಲ್ಲಿಯೇ ಉಳಿದರೆ ಏನು ಮಾಡುವುದು? ಇದಕ್ಕೆ ಆ ಕಾನೂನು ಕಂಡುಕೊಂಡ ಉಪಾಯ ಸರಳವಾದದ್ದು. ಹೊರಗಿನಿಂದ ಬರುವ ಪ್ರತಿಯೊಬ್ಬನನ್ನೂ ಅದು ವಲಸಿಗನೆಂದೇ ಕರೆದು, ತಾತ್ಕಾಲಿಕ ಪ್ರವಾಸಿಗಳಂಥ ಕೆಲವರನ್ನು ಮಾತ್ರ ಹೊರಗಿಟ್ಟಿತು. ತಾನು ಆ ಕೆಲವರಲ್ಲಿ ಒಬ್ಬನೆಂದು ರುಜುವಾತುಪಡಿಸುವ ಹೊಣೆಯನ್ನು ಬರುವವನ ತಲೆಯ ಮೇಲೆಯೇ ಹೊರಿಸಿತು. ಅಲ್ಲಿಯವರೆಗೆ ಪರೀಕ್ಷೆ ನಡೆಯುತ್ತಿದ್ದುದು ಹೆಚ್ಚಾಗಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಂಥ ಬಂದರುಗಳಲ್ಲಿ. 1924ರ ಅನಂತರ ನಿಜವಾದ ಬಾಗಿಲು ಸಮುದ್ರ ದಾಟಿ ಬಂದು, ಹೊರಡುವವನ ದೇಶದಲ್ಲಿಯೇ ಕುಳಿತ ದೂತಾವಾಸ ಅಧಿಕಾರಿಯ ಮೇಜಿನ ಮುಂದೆ ನಿಂತಿತು.

1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಕಾನೂನು ಭಾರತೀಯರಿಗೆ ಪೌರತ್ವದ ಹಾದಿ ತೆರೆದು, ವರ್ಷಕ್ಕೆ ನೂರು ಜನರ ವಲಸೆಗೆ ಅವಕಾಶ ಕೊಟ್ಟಿತು. ಇಡೀ ಭಾರತಕ್ಕೆ ನೂರು! 1952ರಲ್ಲಿ, ಈ ಸಲ ಟ್ರೂಮನ್ ಅವರ ವೀಟೋವನ್ನು ಮೀರಿ, ವಲಸೆ ಮತ್ತು ರಾಷ್ಟ್ರೀಯತೆಯ ಕಾಯಿದೆ ಅಂಗೀಕಾರವಾಯಿತು. ನನ್ನ ಕೈಗೆ ಬಂದ ಚೀಟಿಯ 214(ಬಿ) ಈ ಕಾಯಿದೆಯ ಕಲಮು. ಅದರ ಸಾರ ಇಷ್ಟು: ತಾತ್ಕಾಲಿಕ ವೀಸಾ ಕೇಳುವವನು, ತಾನು ನೆಲೆಸಲು ಬರುತ್ತಿಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡುವವರೆಗೂ ಅವನನ್ನು ವಲಸಿಗನೆಂದೇ ಭಾವಿಸತಕ್ಕದ್ದು. ಅದೇ ಕಾಯಿದೆಯ ಇನ್ನೊಂದು ಕಡೆ, ಸಂದರ್ಶಕನೆಂದರೆ ತೊರೆಯುವ ಉದ್ದೇಶವಿಲ್ಲದ ಮನೆಯೊಂದನ್ನು ತನ್ನ ದೇಶದಲ್ಲಿ ಉಳ್ಳವನು ಎಂಬ ಅರ್ಥ ಕೊಡಲಾಗಿದೆ.

1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಅಧ್ಯಕ್ಷ ಜಾನ್ಸನ್ ಹೊಸ ಕಾನೂನಿಗೆ ಸಹಿ ಹಾಕಿ, ಜನಾಂಗ ನೋಡಿ ಅಳೆಯುವ ಹಳೆಯ ಲೆಕ್ಕವನ್ನು ತೆಗೆದರು. ನಮ್ಮ ಮಕ್ಕಳು ಅಲ್ಲಿಗೆ ಹೋಗಿ ನೆಲೆಸಲು ಸಾಧ್ಯವಾದದ್ದು ಆ ಸಹಿಯಿಂದ. ಆದರೆ ಸಂದರ್ಶಕನ ಮೇಲಿನ ಗೃಹೀತ ಮಾತ್ರ ಹಾಗೆಯೇ ಉಳಿಯಿತು. 2001ರ ಸೆಪ್ಟೆಂಬರ್ 11ರ ಅನಂತರ, 2003ರಿಂದ, ಹೆಚ್ಚಿನವರಿಗೆ ಮುಖಾಮುಖಿ ಸಂದರ್ಶನವೂ ಕಡ್ಡಾಯವಾಯಿತು. ಹೀಗೆ 1924ರ ಭಯ, 1952ರ ಶಬ್ದಗಳು, 2003ರ ಕಿಟಕಿ, ಈ ಮೂರೂ ಸೇರಿ ಮಲೆನಾಡಿನ ಒಬ್ಬ ಮೇಷ್ಟ್ರ ಎದುರಿಗೆ ಬಂದು ನಿಂತಿದ್ದವು.

ಇದನ್ನು ನನ್ನಾಕೆಗೆ ವಿವರಿಸಿದೆ. ಅವಳು ಬತ್ತಿ ಹೊಸೆಯುತ್ತ ಕೇಳಿ, "ಹಾಗಾದರೆ ನಾವು ಬಾಯಿ ತೆರೆಯುವ ಮೊದಲೇ ನಾವು ಅಲ್ಲೇ ಉಳಿಯುವವರು ಎಂದು ಬರೆದಿಟ್ಟಿತ್ತೋ?" ಎಂದಳು. "ನಮ್ಮೊಬ್ಬರಿಗಲ್ಲ, ಎಲ್ಲರಿಗೂ ಬರೆದಿಟ್ಟಿದೆ" ಎಂದೆ. "ಅಳಿಸಬೇಕಾದವರು ನಾವೇ. ನಾನು ಅಳಿಸುವ ಬದಲು ಅದರ ಕೆಳಗೆ ರುಜು ಹಾಕಿ ಬಂದೆ."

ಹೊರಹೋಗುವ ಹಕ್ಕು, ಒಳಬರುವ ಅನುಮತಿ

ನಮ್ಮಲ್ಲಿ ಅನೇಕರು ಪಾಸ್‌ಪೋರ್ಟನ್ನೂ ವೀಸಾವನ್ನೂ ಒಂದೇ ಬಗೆಯ ಸರಕಾರಿ ಕಾಗದಗಳೆಂದು ತಿಳಿಯುತ್ತಾರೆ. ಇವೆರಡರ ನಡುವೆ ದೊಡ್ಡ ಅಂತರವಿದೆ.

ಒಂದು ಕಾಲಕ್ಕೆ ನಮ್ಮ ಸರಕಾರವೂ ಪಾಸ್‌ಪೋರ್ಟನ್ನು ತನ್ನ ಇಚ್ಛೆಯಂತೆ ಕೊಡುತ್ತಿತ್ತು, ಇಚ್ಛೆಯಂತೆ ನಿರಾಕರಿಸುತ್ತಿತ್ತು. ವಿದೇಶಪ್ರಯಾಣವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಹೇಳಿದ ನ್ಯಾಯಾಲಯಗಳಲ್ಲಿ ನಮ್ಮ ಮೈಸೂರು ಉಚ್ಚ ನ್ಯಾಯಾಲಯವೂ ಒಂದು. ಅದರ ತೀರ್ಪು 1965ರದು. 1967ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಮೂರು–ಎರಡರ ಬಹುಮತದಿಂದ ಅದೇ ನಿಲುವನ್ನು ಎತ್ತಿಹಿಡಿಯಿತು. ಆ ವರ್ಷದ ಜೂನ್‌ನಲ್ಲಿಯೇ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಇದರ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸುವ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಅರ್ಜಿದಾರನಿಗೆ ಮೇಲ್ಮನವಿಯ ಅವಕಾಶವೂ ಇದೆ.

ವೀಸಾದ ಮಾತು ಬೇರೆ. ನಮ್ಮ ಮನೆಯಿಂದ ಹೊರಹೋಗುವುದು ನಮ್ಮ ಹಕ್ಕು. ಇನ್ನೊಬ್ಬರ ಮನೆಯೊಳಗೆ ಹೋಗುವುದು ಅವರ ಅನುಮತಿ. ಅಮೆರಿಕದ ನ್ಯಾಯಾಲಯಗಳು ದೂತಾವಾಸ ಅಧಿಕಾರಿಯ ನಿರ್ಧಾರವನ್ನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಅರ್ನೆಸ್ಟ್ ಮ್ಯಾಂಡೆಲ್ ಎಂಬ ಬೆಲ್ಜಿಯಂನ ಅರ್ಥಶಾಸ್ತ್ರಜ್ಞ 1962ರಲ್ಲಿಯೂ 1968ರಲ್ಲಿಯೂ ಆ ದೇಶಕ್ಕೆ ಹೋಗಿ ಬಂದಿದ್ದರು. 1969ರಲ್ಲಿ ಅವರಿಗೆ ಪ್ರವೇಶ ನಿರಾಕರಿಸಲಾಯಿತು. ಅವರನ್ನು ಆಹ್ವಾನಿಸಿದ್ದ ಅಲ್ಲಿನ ಪ್ರಾಧ್ಯಾಪಕರೇ ನ್ಯಾಯಾಲಯಕ್ಕೆ ಹೋದರೂ 1972ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರಕಾರದ ಪರವಾಗಿ ತೀರ್ಪಿತ್ತಿತು. 2024ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿಯೂ, ಅಧಿಕಾರಿಯ ನಿರ್ಧಾರವನ್ನು ನ್ಯಾಯಾಲಯಗಳು ಮರುಪರಿಶೀಲಿಸುವುದಿಲ್ಲವೆಂಬ ತತ್ತ್ವವನ್ನೇ ಅದು ದೃಢಪಡಿಸಿತು.

ಇದನ್ನು ಓದಿ ಅಮೆರಿಕವನ್ನು ಮಾತ್ರ ದೂಷಿಸಬಾರದು. ನಮ್ಮ ದೇಶವೂ ಬರುವವರಿಂದ ವೀಸಾ ಕೇಳುತ್ತದೆ, ನಿರಾಕರಿಸುತ್ತದೆ. ನಮ್ಮ 1946ರ ವಿದೇಶಿಯರ ಕಾಯಿದೆಯೂ, ತಾನು ವಿದೇಶಿಯನಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು ಆ ವ್ಯಕ್ತಿಯ ಮೇಲೆಯೇ ಇರಿಸಿತ್ತು. ಆ ಕಾಯಿದೆ ರದ್ದಾಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ. ಬಾಗಿಲು ಕಾಯುವವನ ಸಂಶಯಬುದ್ಧಿಗೆ ದೇಶಭೇದವಿಲ್ಲ.

ಮರಳಿ ಹೋದವರು, ಹೋಗದೆ ಉಳಿದವರು

ಮೇಲ್ಮನವಿ ಇಲ್ಲ. ಉಳಿದಿರುವುದು ಒಂದೇ ದಾರಿ: ಮತ್ತೆ ಅರ್ಜಿ ಹಾಕುವುದು. ನನ್ನಾಕೆಯ ಪ್ರಶ್ನೆ ಅಲ್ಲಿಗೇ ಬಂದು ನಿಂತಿತು. "ಕಾನೂನು ತಿಳಿಯಿತು. ಆದರೆ ಒಮ್ಮೆ ಬೇಡವೆಂದವರ ಮನೆಗೆ ಮತ್ತೆ ಹೋಗುವುದು ಮರ್ಯಾದೆಯೇ?"

ನಾನು ಅವಳಿಗೆ ಮೂರು ಪ್ರಸಂಗಗಳನ್ನು ಹೇಳಿದೆ.

ಮೊದಲನೆಯದು ಕೋಮಗಾತ ಮಾರು ಹಡಗು. 1914ರ ಮೇ 23ರಂದು 376 ಭಾರತೀಯ ಪ್ರಯಾಣಿಕರೊಡನೆ ಅದು ಕೆನಡಾದ ವ್ಯಾಂಕೂವರ್ ಬಂದರನ್ನು ತಲುಪಿತು. ಬರುವವರು ಹುಟ್ಟಿದ ದೇಶದಿಂದ ಎಲ್ಲಿಯೂ ತಂಗದೆ ನೇರವಾಗಿ ಬರಬೇಕೆಂಬ 1908ರ ನಿಯಮವನ್ನು ಮುಂದೊಡ್ಡಿ, ಕೆಲವರ ಹೊರತು ಉಳಿದವರನ್ನು ಇಳಿಯಗೊಡಲಿಲ್ಲ. ಎರಡು ತಿಂಗಳು ದಡವನ್ನು ಕಣ್ಣೆದುರಿಗೇ ಇಟ್ಟುಕೊಂಡು ನೀರಿನ ಮೇಲೆ ಕಾದು, ಜುಲೈ 23ರಂದು ಹಡಗು ಹಿಂದಿರುಗಬೇಕಾಯಿತು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದಾಗ ಗುಂಡಿನ ದಾಳಿಯಾಗಿ ಹಲವರು ಪ್ರಾಣ ಕಳೆದುಕೊಂಡರು. ಕೆನಡಾದ ಪ್ರಧಾನಿ ಅಲ್ಲಿನ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ, ಅಂದರೆ ನಾನು ನನ್ನಾಕೆಗೆ ಈ ಕಥೆ ಹೇಳಿದ ಎಷ್ಟೋ ವರ್ಷಗಳ ಮೇಲೆ. "ಇವರಿಗೆ ಎರಡನೆಯ ಕಿಟಕಿಯೇ ಇರಲಿಲ್ಲ, ನಮಗಿದೆ" ಎಂದೆ.

ಎರಡನೆಯದು ಕವಿ ರವೀಂದ್ರನಾಥ ಠಾಕೂರರದು. 1929ರಲ್ಲಿ ಅವರು ಕೆನಡಾದ ಕಾರ್ಯಕ್ರಮ ಮುಗಿಸಿ ಅಮೆರಿಕಕ್ಕೆ ಬಂದರು. ದಾರಿಯಲ್ಲಿ ಪಾಸ್‌ಪೋರ್ಟ್ ಕಳೆದಿತ್ತು. ನೊಬೆಲ್ ಪ್ರಶಸ್ತಿ ಪಡೆದು ಹದಿನಾರು ವರ್ಷವಾಗಿದ್ದ ಆ ವೃದ್ಧ ಕವಿ, ವಲಸೆ ಅಧಿಕಾರಿಯ ಮುಂದೆ ಅವಮಾನಕರವಾದ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಮನನೊಂದು, ಪ್ರವಾಸವನ್ನು ಮೊಟಕುಗೊಳಿಸಿ ಹೊರಟುಹೋದರು. ಆದರೆ ಮರುವರ್ಷ, 1930ರಲ್ಲಿ, ಅವರೇ ಮತ್ತೆ ಅದೇ ದೇಶಕ್ಕೆ ಹೋದರು. ಅಧ್ಯಕ್ಷ ಹೂವರ್ ಅವರನ್ನೂ ಭೇಟಿ ಮಾಡಿದರು.

ಮೂರನೆಯದು ಆಗಿನ್ನೂ ಹಸಿಯಾಗಿದ್ದ ಸುದ್ದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಸಾಯನ ವಿಜ್ಞಾನಿ ಗೋವರ್ಧನ ಮೆಹ್ತಾ ಅವರಿಗೆ ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನವಿತ್ತು. 2006ರ ಫೆಬ್ರವರಿಯಲ್ಲಿ ವೀಸಾ ಸಂದರ್ಶನದಲ್ಲಿ ಅವರ ಸಂಶೋಧನೆಯನ್ನೇ ರಾಸಾಯನಿಕ ಅಸ್ತ್ರಗಳೊಡನೆ ತಳಕು ಹಾಕಿ ಪ್ರಶ್ನಿಸಲಾಯಿತೆಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಗದ್ದಲವಾದ ಮೇಲೆ ವೀಸಾ ಕೊಡಲು ದೂತಾವಾಸ ಮುಂದಾಯಿತು. ಆದರೆ ಮೆಹ್ತಾ ಆ ಪ್ರವಾಸವನ್ನು ಕೈಬಿಟ್ಟರು.

"ಇಬ್ಬರೂ ಮರ್ಯಾದಸ್ಥರೇ" ಎಂದೆ. "ಒಬ್ಬರು ಮರಳಿ ಹೋದರು, ಒಬ್ಬರು ಹೋಗಲಿಲ್ಲ. ಮರ್ಯಾದೆ ಇರುವುದು ಹೋಗುವುದರಲ್ಲಿಯೂ ಅಲ್ಲ, ಬಿಡುವುದರಲ್ಲಿಯೂ ಅಲ್ಲ. ಅಲ್ಲಿ ಹೋಗಿ ಏನು ಹೇಳುತ್ತೇವೆ ಎಂಬುದರಲ್ಲಿ."

ಅವಳು ಉತ್ತರ ಕೊಡಲು ಒಂದು ವರ್ಷ ತೆಗೆದುಕೊಂಡಳು. ಅಷ್ಟರಲ್ಲಿ ಮೊಮ್ಮಗ ಹುಟ್ಟಿ ದೊಡ್ಡವನಾಗುತ್ತಿದ್ದ. ಬಾಣಂತನವನ್ನು ಮಗಳು ತಾನೇ ಮಾಡಿಕೊಂಡಳು. ದೂರವಾಣಿಯಲ್ಲಿ ಅವಳು ಎಂದೂ ದೂರಲಿಲ್ಲ. ಅದೇ ನನ್ನಾಕೆಯನ್ನು ಹೆಚ್ಚು ನೋಯಿಸಿತು. ಒಂದು ದಿನ ಮಗು "ಅಜ್ಜಿ" ಎಂದದ್ದು ಕೇಳಿಸಿತು. ಫೋನು ಕೆಳಗಿಟ್ಟವಳು, "ಅರ್ಜಿ ಹಾಕಿ. ಆದರೆ ಈ ಸಲ ನೀವು ನನ್ನ ಬಾಯಿ ಮುಚ್ಚಿಸಬೇಡಿ" ಎಂದಳು.

ಎರಡನೆಯ ಅರ್ಜಿ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಂತೆ, ಈ ಸಲ ಮೊದಲು ಓದಿ, ಆಮೇಲೆ ಬರೆದೆವು. ನಾವು ತಿಳಿದುಕೊಂಡದ್ದನ್ನು ನಿಮಗಾಗಿ ಇಲ್ಲಿ ಹೇಳುತ್ತೇನೆ.

214(ಬಿ)ಯ ನಿರಾಕರಣೆ ಆಜೀವ ನಿಷೇಧವಲ್ಲ. ಅದು ಆ ದಿನದ ಆ ಅರ್ಜಿಗೆ ಮಾತ್ರ ಸಂಬಂಧಿಸಿದ್ದು. ಮತ್ತೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಆದರೆ ಹೊಸ ನಮೂನೆ ತುಂಬಬೇಕು, ಹೊಸದಾಗಿ ಶುಲ್ಕ ಕಟ್ಟಬೇಕು. ಹಳೆಯ ಶುಲ್ಕ ಮರಳಿ ಬರುವುದಿಲ್ಲ. ನಮ್ಮ ಕಾಲಕ್ಕೆ ಅದು ತಲಾ 131 ಡಾಲರ್ ಇತ್ತು. 2023ರ ಜೂನ್‌ನಲ್ಲಿ 185 ಡಾಲರ್ ಆಯಿತು. ಪರಿಸ್ಥಿತಿಯಲ್ಲಾಗಲಿ ಉತ್ತರದ ಸ್ಪಷ್ಟತೆಯಲ್ಲಾಗಲಿ ಏನೂ ಬದಲಾಗದೆ ಮರುವಾರವೇ ಹೋಗಿ ನಿಂತರೆ, ಅದೇ ಉತ್ತರಕ್ಕೆ ಎರಡನೆಯ ಸಲ ಹಣ ಕೊಟ್ಟಂತಾಗುತ್ತದೆ.

ಹಿಂದೆ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆ ನಮೂನೆಯಲ್ಲಿಯೇ ಇದೆ. ಅದಕ್ಕೆ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಅವರ ದಾಖಲೆಯಲ್ಲಿ ಅದು ಇದ್ದೇ ಇರುತ್ತದೆ. ಮುಖ್ಯವಾದ ಸಂಗತಿಯಲ್ಲಿ ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಅದೇ ಕಾಯಿದೆಯ ಬೇರೆ ಕಲಮಿನಂತೆ ಶಾಶ್ವತವಾಗಿ ಅನರ್ಹರಾಗಬಹುದು. ಮುಚ್ಚಿದ ಬಾಗಿಲನ್ನು ಮತ್ತೆ ತಟ್ಟಬಹುದು. ಸುಳ್ಳು ಹೇಳಿದವನು ಆ ಬಾಗಿಲಿಗೆ ತನ್ನ ಕೈಯಿಂದಲೇ ಬೀಗ ಜಡಿದಂತೆ. ಆ ಏಜೆಂಟನ ಸಲಹೆಗೆ ನನ್ನ ಉತ್ತರ ಇದು.

ಇನ್ನೊಂದು ಭ್ರಮೆಯೂ ನಮ್ಮಲ್ಲಿದೆ. ಮಗನ ಸಂಬಳದ ಚೀಟಿ, ಮಗಳ ಆಹ್ವಾನಪತ್ರ, ಬ್ಯಾಂಕಿನ ಠೇವಣಿ ಇವೇ ವೀಸಾ ಕೊಡಿಸುತ್ತವೆ ಎಂದುಕೊಳ್ಳುತ್ತೇವೆ. ಕಾನೂನು ಕೇಳುವುದು ಅರ್ಜಿದಾರನ ಸ್ವಂತ ನೆಲೆಯನ್ನು. ಮಗ ಅಲ್ಲಿ ಎಷ್ಟು ಚೆನ್ನಾಗಿದ್ದಾನೆ ಎನ್ನುವುದಕ್ಕಿಂತ ತಂದೆ ಇಲ್ಲಿ ಯಾವುದಕ್ಕೆ ಸೇರಿದವನು ಎಂಬುದೇ ಅಲ್ಲಿನ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವಾಗಿ ನಾವಿಬ್ಬರೂ ಒಂದು ಸಂಜೆ ಕುಳಿತು, ನಮ್ಮನ್ನು ಇಲ್ಲಿ ಹಿಡಿದಿಟ್ಟಿರುವುದು ಏನೆಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು. ಅಡಿಕೆ ತೋಟ, ಅದರ ಪಹಣಿ. ಕೊನೆಕೊಯ್ಲು ಮುಗಿದ ಮೇಲೆ ಆರಂಭವಾಗಿ ಮಳೆ ಹಿಡಿಯುವುದರೊಳಗೆ ಮುಗಿಯಬೇಕಾದ ತೋಟದ ಕೆಲಸಗಳು. ಪ್ರತಿ ನವೆಂಬರ್‌ನಲ್ಲಿ ನಾನು ಬದುಕಿದ್ದೇನೆಂದು ಪಿಂಚಣಿಗಾಗಿ ಕೊಡಬೇಕಾದ ಜೀವಿತ ಪ್ರಮಾಣಪತ್ರ. ಶಾಲೆಯ ಗ್ರಂಥಾಲಯದಲ್ಲಿ ಶನಿವಾರಗಳಂದು ನಾನು ಒಪ್ಪಿಕೊಂಡಿದ್ದ ಕೆಲಸ. ಎರಡು ಹಸು. ಪಟ್ಟಿ ಬೆಳೆಯುತ್ತ ಹೋಯಿತು. ಕೊನೆಗೆ ನನ್ನಾಕೆ ಲೇಖನಿ ತೆಗೆದುಕೊಂಡು, ಎಲ್ಲಕ್ಕಿಂತ ಮೇಲೆ ಉಳಿದಿದ್ದ ಜಾಗದಲ್ಲಿ "ಅತ್ತೆಯವರು" ಎಂದು ಬರೆದಳು.

ಎರಡು ವರ್ಷದ ಹಿಂದೆ, ಅಮ್ಮ ಜಗಲಿಯಲ್ಲಿ ಕಾದು ಕುಳಿತಿದ್ದಾಗ, ನನ್ನನ್ನು ಕಟ್ಟಿಹಾಕುವಂಥದು ಏನೂ ಇಲ್ಲವೆಂದು ಪರದೇಶದವರ ಮುಂದೆ ನಾನು ಹೇಳಿಬಂದಿದ್ದೆ. ತಮ್ಮ ನೋಡಿಕೊಳ್ಳುತ್ತಾನೆಂಬ ಏರ್ಪಾಡು ಇದ್ದುದರಿಂದ ಅವಳನ್ನು 'ಮುಗಿದ ಜವಾಬ್ದಾರಿ'ಗಳ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಹೇಳಿದ್ದು ನಿಜವೂ ಆಗಿರಲಿಲ್ಲ. ವೀಸಾ ನಿರಾಕರಣೆ ನನಗೆ ಅವಮಾನವೆಂದು ಎರಡು ವರ್ಷ ಕೊರಗಿದವನಿಗೆ, ಅವಮಾನ ಯಾರಿಗೆ ಆಗಿತ್ತು ಎಂಬುದು ಆ ಸಂಜೆ ತಿಳಿಯಿತು.

2010ರ ಆರಂಭದಲ್ಲಿ ಮತ್ತೆ ಸಂದರ್ಶನ. ಅದೇ ಬಗೆಯ ಗಾಜು, ಬೇರೆ ಅಧಿಕಾರಿ. ಹಿಂದೆ ಏಕೆ ನಿರಾಕರಣೆಯಾಯಿತೆಂದು ಕೇಳಿದಾಗ, ನನ್ನ ಉತ್ತರವೇ ಸರಿಯಿರಲಿಲ್ಲವೆಂದು ಒಪ್ಪಿಕೊಂಡೆ. ಅವರು ನನ್ನಾಕೆಯ ಕಡೆ ತಿರುಗಿದರು. ದುಭಾಷಿಯ ಮೂಲಕ ಅವಳು ಕನ್ನಡದಲ್ಲಿಯೇ ಹೇಳಿದಳು: "ಹತ್ತು ವಾರ ಇರುತ್ತೇವೆ. ಮೇ ತಿಂಗಳು ಮುಗಿಯುವುದರೊಳಗೆ ಬರಲೇಬೇಕು. ಮಳೆ ಹಿಡಿದರೆ ತೋಟಕ್ಕೆ ಔಷಧಿ ಹೊಡೆಸಲು ಆಗುವುದಿಲ್ಲ. ಮನೆಯಲ್ಲಿ ಅತ್ತೆಯವರಿದ್ದಾರೆ, ಎಂಬತ್ತೆಂಟು ವರ್ಷ. ನಾನು ಬರುವ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಸಿಕೊಂಡಿದ್ದಾರೆ." ವೀಸಾ ದೊರೆಯಿತು. ಈ ಮಾತಿನಿಂದಲೇ ದೊರೆಯಿತೆಂದು ನಾನು ಹೇಳಲಾರೆ. ಕೊಡುವಾಗಲೂ ಅವರು ಕಾರಣ ಹೇಳುವುದಿಲ್ಲ.

ಮೊಮ್ಮಗ ಮೊದಲ ದಿನ ತಾಯಿಯ ಹಿಂದೆ ಅವಿತುಕೊಂಡ. ಕೌದಿ ಅವನ ಮೊಣಕಾಲಿನವರೆಗೂ ಬರುತ್ತಿರಲಿಲ್ಲ. ಆದರೂ ಅದನ್ನು ತಲೆಯ ಮೇಲೆ ಹೊದ್ದು ಮನೆಯೆಲ್ಲ ಓಡಾಡಿದ. ಹೇಳಿದ ದಿನಕ್ಕೆ ನಾವು ಊರಿಗೆ ಬಂದೆವು. ಅಮ್ಮ ಇನ್ನೊಂದು ವರ್ಷ ನಮ್ಮೊಡನಿದ್ದಳು.

ಆದ್ದರಿಂದ, ನನ್ನ ಪ್ರಿಯ ಶಿಷ್ಯನೇ, ನಿನ್ನ ತಂದೆಯವರಿಗೆ ಹೀಗೆ ಹೇಳು. ಅವರನ್ನು ಯಾರೂ ಕಳ್ಳನೆಂದಿಲ್ಲ. ಒಂದು ಹಳೆಯ ಕಾನೂನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿದೆ. ಅದು ಕಠಿಣವಾದ ಪ್ರಶ್ನೆ, ಅದರ ಹುಟ್ಟಿನಲ್ಲಿ ಅನ್ಯಾಯವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮತ್ತೆ ಹೋಗುವುದೋ ಬಿಡುವುದೋ ಅವರ ಇಷ್ಟ. ಹೋಗುವುದಾದರೆ ಅವಸರವಿಲ್ಲದೆ, ಸುಳ್ಳಿಲ್ಲದೆ, ಹೊರಡುವ ಮತ್ತು ಮರಳುವ ದಿನಗಳನ್ನು ನಿಶ್ಚಯಿಸಿಕೊಂಡು ಹೋಗಲಿ. ತಾಯಿಯವರಿಗೂ ಮಾತಾಡಲು ಬಿಡಲಿ. ಅದಕ್ಕೂ ಮೊದಲು ಒಂದು ಸಂಜೆ ಇಬ್ಬರೂ ಕುಳಿತು ತಮ್ಮ ಪಟ್ಟಿಯನ್ನು ಬರೆಯಲಿ. ವೀಸಾ ಬಂದರೂ ಬಾರದಿದ್ದರೂ ಆ ಹಾಳೆ ಮನೆಯಲ್ಲಿರಲಿ. ನಮ್ಮದು ಇಂದಿಗೂ ಪಾಸ್‌ಪೋರ್ಟುಗಳ ಜೊತೆಯಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಿದೆ.